ಎರೆಹೊಲದಲ್ಲಿ ಉಳಿದ ಬಲಗಾಲಿನ ಶೂ

ಜುಲೈ 27, ಭಾನುವಾರ, ಕಡೂರು

ಮೂರು ವರ್ಷದ ಜಗಳಕ್ಕೆ ಇವತ್ತಿನವರೆಗೆ ಆಗಿರುವ ಖರ್ಚನ್ನು ಒಮ್ಮೆ ಬರೆದುಬಿಡುತ್ತೇನೆ. ತರೀಕೆರೆಯ ಮಾವನ ಮನೆಯಲ್ಲಿ ಉಣ್ಣದೆ ಬಿಟ್ಟ ಹಬ್ಬದೂಟ, ಆರು. ಒಂದೇ ಮದುವೆಗೆ ಹೋಗಿ ಬೇರೆ ಪಂಕ್ತಿಗೆ ಕಾದು ತಣ್ಣನೆಯ ಅನ್ನ ಉಂಡದ್ದು, ನಾಲ್ಕು. ಅವನು ಹತ್ತಿದನೆಂದು ಬಸ್ಸಿಳಿದು ಬೀರೂರು ಸ್ಟ್ಯಾಂಡಿನಲ್ಲಿ ಮಳೆಗೆ ನೆನೆದದ್ದು, ಒಂದು ಸಲ. ಅವನ ಮಂಡಿಯ ಈರುಳ್ಳಿ ಮನೆಗೆ ಬೇಡವೆಂದು ಬೇರೆಯವರ ಕೊಳೆತ ಈರುಳ್ಳಿ ತಂದದ್ದಕ್ಕೆ ಲೆಕ್ಕವಿಲ್ಲ. ಜಮೆಯ ಕಡೆ ಒಂದೇ ಒಂದಿದೆ: ಅವನ ಜೊತೆ ಮಾತಾಡಿಲ್ಲ. ನನ್ನ ಪ್ರಕಾರ ಲಾಭವೇ.

ಅವನು ಅಂದರೆ ನನ್ನ ಷಡ್ಡಕ. ನನ್ನ ಹೆಂಡತಿ ಕೋಮಲಾಳ ಅಕ್ಕ ದಾಕ್ಷಾಯಿಣಿಯ ಗಂಡ. ಹೆಸರು ಬರೆದು ಶಾಯಿ ದಂಡ ಮಾಡುವುದಿಲ್ಲ, ಊರಿನ ಹೆಸರೇ ಸಾಕು. ಅಜ್ಜಂಪುರ.

ಭಾಮೈದನ ಮದುವೆಗೆ ಶಾಮಿಯಾನ, ಮೈಕು ಎರಡನ್ನೂ ನಾನು ಪುಕ್ಕಟೆ ಹಾಕಿಸಿದ್ದೆ. ಎರಡನೇ ಪಂಕ್ತಿಗೆ ಗಾಳಿಮಳೆ ಬಂದು ಒಂದು ಮಗ್ಗುಲು ಕುಸಿಯಿತು. ಕಂಬ ಬಿದ್ದದ್ದು ಪಾಯಸದ ಮೇಲೆ, ಯಾರ ತಲೆಯ ಮೇಲೂ ಅಲ್ಲ. ಅಷ್ಟಕ್ಕೆ ಅಜ್ಜಂಪುರ ಎದ್ದು ನಿಂತು, 'ಬಿಟ್ಟಿ ನೆರಳು ಎಷ್ಟೊತ್ತು ನಿಲ್ತದೆ ಬಿಡ್ರಪ್ಪ' ಅಂದಿತು. ಅವನ ತಕ್ಕಡಿಯ ಬಗ್ಗೆ ನನಗೆ ಗೊತ್ತಿದ್ದ ನಾಲ್ಕು ಮಾತನ್ನು ನಾನೂ ಹೇಳಿದೆ. ಕೈಯಲ್ಲಿದ್ದ ಮೈಕು ಆನ್ ಇತ್ತು. ನನ್ನ ಹಾರ್ನುಗಳು ಒಳ್ಳೆಯವು, ತರೀಕೆರೆ ಬಸ್ ಸ್ಟ್ಯಾಂಡಿನವರೆಗೂ ಸ್ಪಷ್ಟವಾಗಿ ಕೇಳಿಸಿತಂತೆ. ಆವತ್ತಿನಿಂದ ಅವರು ನಮ್ಮ ಹೊಸ್ತಿಲು ತುಳಿದಿಲ್ಲ, ನಾವು ಅವರದ್ದು ತುಳಿದಿಲ್ಲ. ಅಕ್ಕತಂಗಿಯರ ಫೋನಿಗೆ ನಾನು ಅಡ್ಡಿ ಮಾಡಿಲ್ಲ. ಫೋನಿನಲ್ಲಿ ಯಾರೂ ಎಲೆ ಹಾಕಿ ಊಟ ಬಡಿಸಲಾರರು.

ಇವತ್ತು ಮಗಳು ಕೃತಿಕಾಳ ಮದುವೆ ಗೊತ್ತಾಯಿತು. ಭದ್ರಾವತಿಯ ಹುಡುಗ, ಲಗ್ನ ನವೆಂಬರಿನಲ್ಲಿ. ತಾಂಬೂಲ ಬದಲಾದ ಮೇಲೆ ಮಾವ ತೀರ್ಥಪ್ಪನವರು ಬೀಗರ ಎದುರಿಗೇ ಶುರುಮಾಡಿದರು.

'ಮೊದಲನೇ ಲಗ್ನಪತ್ರಿಕೆ ಮಠಕ್ಕೆ. ಎರಡನೇದು ಅಜ್ಜಂಪುರಕ್ಕೆ. ನೀವು ಗಂಡಹೆಂಡ್ತಿ ಇಬ್ಬರೂ ಹೋಗಿ ಕುಂಕುಮ ಇಟ್ಟು ಕರೀಬೇಕು. ಇಲ್ದಿದ್ರೆ ಅವರು ಬರಲ್ಲ, ಬರಲೂಬಾರ್ದು.'

'ವಾಟ್ಸಾಪಿನಲ್ಲಿ ಹಾಕ್ತೀನಿ ಮಾವ.'

'ಅದನ್ನ ನಿಮ್ಮ ಶಾಮಿಯಾನದ ಗಿರಾಕಿಗಳಿಗೆ ಹಾಕಿ.'

ಬೀಗರು ನಕ್ಕರು. ಬೀಗರು ನಗುವಾಗ ಸುಮ್ಮನಿರುವವನು ನಾನಲ್ಲ. ಕಡೂರಿನ ಹುಡುಗರ ಸಂಘವೊಂದು ಸೆಪ್ಟೆಂಬರಿನಲ್ಲಿ ಅಜ್ಜಂಪುರದ ಹೊರಗೆ ಓಟ ಇಟ್ಟುಕೊಂಡಿದೆ, ಕೆಸರು ದಾರಿಯಲ್ಲಿ ಐದು ಕಿಲೋಮೀಟರ್. ಶಾಮಿಯಾನ, ಮೈಕು ನನ್ನದೇ. ಟ್ರೇಲ್ ಅನ್ನುತ್ತಾರೆ. ಬಂಡಿದಾರಿಯನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅದರ ಮೇಲೆ ಓಡಲು ಫೀಸು ತೆಗೆದುಕೊಳ್ಳಬಹುದು. ನಲವತ್ತೈದು ದಾಟಿದವರ ಪಟ್ಟಿಯಲ್ಲಿ ಅಜ್ಜಂಪುರದ ಹೆಸರು ಇರುವುದನ್ನು ನಾನು ಮೊನ್ನೆಯೇ ನೋಡಿದ್ದೆ.

'ನಾನೂ ಹೆಸರು ಕೊಡ್ತೀನಿ ಮಾವ,' ಅಂದೆ. 'ಆ ಕೆಸರಲ್ಲಿ ಅವರು ನನಗಿಂತ ಮುಂಚೆ ಗೆರೆ ಮುಟ್ಟಿದ್ರೆ ನಾನೇ ಹೋಗಿ ಅವರ ಹೊಸ್ತಿಲಲ್ಲಿ ನಿಂತು ಪತ್ರಿಕೆ ಕೊಡ್ತೀನಿ. ನಾನು ಮುಂದಾದ್ರೆ ಆ ಮನೆಗೆ ಪತ್ರಿಕೆ ಇಲ್ಲ. ಹೆಸರು ಕೊಟ್ಟು ಯಾರು ಓಡಲಿಲ್ವೋ ಅವರು ಸೋತಂಗೆ ಅಲ್ಲ, ಮಾತೇ ರದ್ದು. ಆಗ್ಲೂ ಪತ್ರಿಕೆ ಇಲ್ಲ.'

ಎಲ್ಲ ಕಡೆಯಿಂದಲೂ ನನಗೆ ಅನುಕೂಲವಾಗುವಂತೆ ಕಟ್ಟಿದ ಕರಾರು. ಕೋಮಲಾ ಕಾಫಿ ಲೋಟ ಎತ್ತುತ್ತಿದ್ದವಳು ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಬೀಗರು ಹೋದ ಮೇಲೆ ಒಂದೇ ಮಾತು ಹೇಳಿದಳು: 'ಅರಿಶಿನ ಕುಟ್ಟೋ ದಿನ ಒನಕೆಗೆ ಅಕ್ಕ ಕೈಹಾಕದೆ ನಾನೂ ಕೈಹಾಕಲ್ಲ. ತಿಳ್ಕಳಿ.'

ತಿಳಿದುಕೊಂಡೆ. ಒನಕೆ ಎತ್ತಲು ಕೂಲಿಗೆ ಹೆಂಗಸರು ಸಿಗುತ್ತಾರೆ.

ಆಗಸ್ಟ್ 3, ಭಾನುವಾರ

ಐದಕ್ಕೆದ್ದು ಎಮ್ಮೆದೊಡ್ಡಿ ದಾರಿಗೆ ಹೋದೆ. ಕೋಮಲಾ ಸ್ಕೂಟರಿನ ಹಿಂದೆ ಬಂದು ಮೋರಿಕಟ್ಟೆಯ ಮೇಲೆ ನೀರಿನ ಬಾಟ್ಲಿ ಹಿಡಿದು ಕೂತಳು. ದನ ಮೇಯುವ ಕಾವಲಿನ ಕೆಂಪು ನೆಲ ರಾತ್ರಿಯ ಮಳೆಗೆ ನೆನೆದಿದ್ದರೂ ಕಾಲಿಗೆ ಹತ್ತುವುದಿಲ್ಲ. ಎರಡು ವಿದ್ಯುತ್ ಕಂಬದ ದೂರ ಓಡಿದೆ, ಮೂರನೆಯ ಕಂಬವನ್ನು ಹಿಡಿದುಕೊಂಡೆ. ಕಾವಲಿನ ದನಗಳು ಮೇಯುವುದನ್ನು ಬಿಟ್ಟು ನೋಡಿದವು. ಆ ಉದ್ದ ಕೊಂಬಿನ ದನಗಳಿಗೆ ಮೊದಲಿಂದಲೂ ಸೊಕ್ಕು.

ಶೂ ಹೊಸದು. ಕಿತ್ತಳೆ ಬಣ್ಣ, ಕೆಳಗೆ ಟ್ರ್ಯಾಕ್ಟರ್ ಟೈರಿನ ಹಾಗೆ ಹಲ್ಲು. ಅಂಗಡಿಯವನು ಬೆಲೆ ಹೇಳಿದಾಗ ಎರಡೂ ಕಾಲಿಗೋ ಒಂದು ಕಾಲಿಗೋ ಎಂದು ಕೇಳಿದೆ. ಅವನಿಗೆ ತಮಾಷೆ ತಿಳಿಯಲಿಲ್ಲ.

ಆಗಸ್ಟ್ 7, ಗುರುವಾರ

ತರೀಕೆರೆಯ ಛತ್ರಕ್ಕೆ ಮುಂಗಡ ಕೊಡಲು ಹೊರಟಿದ್ದೆ. ಕೋಮಲಾ ರೊಟ್ಟಿ ತಟ್ಟುತ್ತಾ ಅಂದಳು, 'ಅಕ್ಕ ಫೋನ್ ಮಾಡಿದ್ಲು. ಭಾವ ಹೇಳಿದ್ರಂತೆ, ಮದುವೆ ತರೀಕೆರೇಲೇ ಮಾಡ್ಬೇಕು, ಬೀರೂರಿಗೆಲ್ಲ ಯಾರು ಹೋಗ್ತಾರೆ ಅಂತ.'

'ಕರೀದೆ ಇರೋ ಮದುವೆಗೆ ಛತ್ರ ಹುಡುಕಿಕೊಡ್ತಾನಾ?'

'ನಂಗೊತ್ತಿಲ್ಲಪ್ಪ. ಹೇಳಿದ್ದನ್ನ ಹೇಳಿದೆ.'

ಹನ್ನೊಂದು ಗಂಟೆಯೊಳಗೆ ಬೀರೂರಿನಲ್ಲಿ ಛತ್ರ ಗೊತ್ತುಮಾಡಿ ಬಂದೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅಜ್ಜಂಪುರ ಬೇಡ ಅಂದದ್ದರಲ್ಲಿ ಯಾವಾಗಲೂ ಏನೋ ಒಳ್ಳೆಯದಿರುತ್ತದೆ. ಇದು ನಾನು ಕಂಡುಕೊಂಡ ಸೂತ್ರ, ಇದುವರೆಗೆ ತಪ್ಪಿಲ್ಲ. ಕೋಮಲಾ 'ಸರಿ ಬಿಡಿ' ಅಂದು ಎರಡು ರೊಟ್ಟಿ ಜಾಸ್ತಿ ಹಾಕಿದಳು.

ಆಗಸ್ಟ್ 12, ಮಂಗಳವಾರ

ನಾಯಿ. ಓಡುವವನನ್ನೇ ಏಕೆ ಅಟ್ಟಿಸಿಕೊಂಡು ಬರಬೇಕು? ನಡೆಯುವವರು ಎಷ್ಟೊಂದು ಜನ ಇದ್ದರು.

ಆಗಸ್ಟ್ 17, ಭಾನುವಾರ

ಎಡಮಂಡಿ ಊದಿದೆ. ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳಿಯುತ್ತಿದ್ದೇನೆ. ಸಂಜೆ ಕೂತು ಯೋಚಿಸಿದೆ: ಓಡದಿದ್ದರೆ ಮಾತು ರದ್ದು, ರದ್ದಾದರೂ ಪತ್ರಿಕೆ ಇಲ್ಲ. ಗೆದ್ದರೆ ಸಿಗುವುದೇ ಮನೆಯಲ್ಲಿ ಕಾಲು ಚಾಚಿ ಕೂತರೂ ಸಿಗುತ್ತದೆ. ಇಷ್ಟು ಸುಲಭದ ಲೆಕ್ಕ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಕೋಮಲಾಗೂ ಹೇಳಿದೆ.

ಅವಳು ಹರಳೆಣ್ಣೆ ಬಿಸಿಮಾಡಿ ತಂದು ಮಂಡಿಗೆ ಹಚ್ಚಿದಳು. 'ಅದೇ ಸರಿ ಬಿಡಿ. ಭಾವನೂ ಅದೇ ಅಂದ್ರಂತೆ.'

'ಏನಂತೆ?'

'ಷಡಕ್ಷರಿ ಓಡಲ್ಲ. ಕೊನೇ ವಾರದಲ್ಲಿ ಮಂಡಿನೋವು ಅಂತಾನೆ, ಬೇಕಾದ್ರೆ ಬರೆದಿಟ್ಕೋ ಅಂದ್ರಂತೆ.'

'ಕೊನೇ ವಾರದಲ್ಲಾ?'

'ಇನ್ನೂ ನಾಲ್ಕು ವಾರ ಇದೆ. ನೀವು ಮುಂಚೇನೇ ಅಂದ್ರಿ.'

ಎಣ್ಣೆಯ ಬಟ್ಟಲನ್ನು ಒದ್ದೇಬಿಡುತ್ತಿದ್ದೆ, ಮಂಡಿ ಬಿಡಲಿಲ್ಲ. ನಾಳೆಯಿಂದ ನಡಿಗೆ, ಗುರುವಾರದಿಂದ ಓಟ. ಅವನ ಬಾಯಲ್ಲಿ ನನ್ನ ಮಂಡಿಯ ಭವಿಷ್ಯ ಬರುವುದು ನನಗೆ ಬೇಕಿಲ್ಲ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ತವರಿನಿಂದ ಕೋಮಲಾಗೆ ಬಾಗಿನ ಬಂತು. ಹಿಂದೆಲ್ಲ ಅಕ್ಕತಂಗಿ ಇಬ್ಬರೂ ತರೀಕೆರೆಗೆ ಹೋಗಿ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರು. ಈಗ ಭಾಮೈದ ಒಂದು ಮೊರವನ್ನು ಕಡೂರಿಗೂ ಒಂದನ್ನು ಅಜ್ಜಂಪುರಕ್ಕೂ ಹೊತ್ತು ತಿರುಗುತ್ತಾನೆ. ಅವನ ಪೆಟ್ರೋಲು ಅವನಿಗೆ.

ಕೋಮಲಾ ಬಾಗಿನವನ್ನು ದೇವರ ಮುಂದಿಟ್ಟಳು. ಆಮೇಲೆ, ನಾನು ಗೋಡೆ ಹಿಡಿದು ಕಾಲಿನ ನರ ಎಳೆಯುತ್ತಿದ್ದಾಗ, ಕೇಳದಿದ್ದರೂ ಹೇಳಿದಳು. ಅವರು ತರೀಕೆರೆಗೆ ಬರುವ ಮುಂಚೆ ಅಪ್ಪನ ಜಮೀನು ಅಜ್ಜಂಪುರದ ಹತ್ತಿರವಿತ್ತಂತೆ. ಶಾಲೆಗೆ ಹೋಗಲು ಕಪ್ಪು ಮಣ್ಣಿನ ಎರೆಹೊಲ ದಾಟಬೇಕು. ಮಳೆಗಾಲದಲ್ಲಿ ಅಕ್ಕ ಇವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇಬ್ಬರ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ದಾಟಿಸುತ್ತಿದ್ದಳಂತೆ.

'ಅವಳಿಗೂ ಆಗ ಹತ್ತೇ ವರ್ಷ,' ಅಂದಳು.

'ನೀನು ಆಗಲೇ ತೂಕ ಇದ್ದಿರ್ತೀಯ,' ಅಂದೆ.

ನಗಲಿಲ್ಲ. ಹಬ್ಬದ ದಿನ ಹೆಂಗಸರ ಜೊತೆ ಮಾತೇ ಆಡಬಾರದು.

ಸೆಪ್ಟೆಂಬರ್ 6, ಶನಿವಾರ

ಗಣೇಶನ ಪೆಂಡಾಲುಗಳ ಕೆಲಸದಲ್ಲಿ ಡೈರಿ ಮುಟ್ಟಲಾಗಲಿಲ್ಲ. ಹಿರೇನಲ್ಲೂರಿನಲ್ಲಿ ರಾತ್ರಿ ಪೆಂಡಾಲು ಬಿಚ್ಚಿಸಿ, ಬೆಳಗ್ಗೆ ಟೆಂಪೋದಲ್ಲಿ ಬರುವಾಗ ಡ್ರೈವರ್ ರವಿಕುಮಾರನಿಗೆ ನಿಲ್ಲಿಸಲು ಹೇಳಿ ಅಲ್ಲಿಂದಲೇ ಇಳಿದು ಓಡಿದೆ. ಅವನು ಟೆಂಪೋವನ್ನು ನನ್ನ ಹಿಂದೆಯೇ ನಿಧಾನವಾಗಿ ಓಡಿಸಿಕೊಂಡು ಬಂದ. ಹೆಣದ ಮೆರವಣಿಗೆಯ ಹಾಗಿದೆ, ಮುಂದೆ ಹೋಗಿ ಸಾಯಿ ಎಂದು ಬೈದೆ.

ಮಂಜು ಇತ್ತು. ರಾಗಿ ಹೊಲದ ಬದುವಿನ ಮೇಲೆ ಉಸಿರು ಕಟ್ಟದೆ ತುಂಬ ದೂರ ಹೋದೆ. ಎಷ್ಟು ದೂರ ಎಂದು ನೋಡುವುದನ್ನೇ ಮರೆತೆ. ಅಜ್ಜಂಪುರವನ್ನು ನೆನೆಸಿಕೊಳ್ಳುವುದನ್ನೂ ಮರೆತಿದ್ದೆ; ಅಂಗಡಿಗೆ ಬಂದ ಮೇಲೆ ನೆನಪಾಗಿ ಎರಡು ಮಾತು ಬೈದು ಸರಿಮಾಡಿಕೊಂಡೆ.

ಸೆಪ್ಟೆಂಬರ್ 12, ಶುಕ್ರವಾರ

ಡಾಕ್ಟರು ಸಕ್ಕರೆ ಇಳಿದಿದೆ ಅಂದರು. ಏನು ಮಾಡಿದಿರಿ ಅಂದರು. ದ್ವೇಷ ಅಂದೆ. ಬರೆದುಕೊಳ್ಳಲಿಲ್ಲ.

ನಿನ್ನೆ ರಾತ್ರಿಯೆಲ್ಲ ಅಜ್ಜಂಪುರದ ಕಡೆ ಜೋರು ಮಳೆಯಂತೆ. ಇವತ್ತು ಬಿಸಿಲು ಬಿದ್ದಿದೆ. ನಾಡಿದ್ದು ಓಟ. ಎರಡು ದಿನ ಒಣಗಿದರೆ ಕೆಸರು ಗಟ್ಟಿಯಾಗುತ್ತದೆ, ನನಗೆ ಅನುಕೂಲ.

ಸೆಪ್ಟೆಂಬರ್ 13, ಶನಿವಾರ

ಶೂ ತೊಳೆದು, ದಾರ ಬಿಚ್ಚಿ ಮತ್ತೆ ಕಟ್ಟಿ, ಬಾಗಿಲ ಹತ್ತಿರ ಇಟ್ಟೆ. ಕೋಮಲಾ ಅದನ್ನು ನೋಡುತ್ತಾ ನಿಂತಿದ್ದಳು.

'ಒಂದು ಮಾತು ಹೇಳಲಾ? ಬೈಬಾರ್ದು.'

'ಹೇಳು.'

'ಭಾವ ಹೇಳಿ ಕಳಿಸಿದ್ರಂತೆ. ಹಳ್ಳ ದಾಟಿದ ಮೇಲೆ ಎರೆಹೊಲ ಸಿಗ್ತದೆ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ರೆ ಎರೆ ಹಿಡ್ಕಂಡ್ರೆ ಬಿಡಲ್ಲ. ಅಲ್ಲಿ ಶೂ ಬಿಚ್ಚಿ ಬರಿಗಾಲಲ್ಲಿ ಓಡ್ಬೇಕು ಅಂತ.'

ಎಷ್ಟೋ ದಿನದ ಮೇಲೆ ಮನಸಾರೆ ನಕ್ಕೆ. ಇಷ್ಟು ಬೆಲೆಯ ಶೂ ನನ್ನ ಕಾಲಲ್ಲಿದೆ ಎಂದು ಅವನಿಗೆ ಹೊಟ್ಟೆಯುರಿ. ಅದನ್ನು ಬಿಚ್ಚಿಸಿ, ಬರಿಗಾಲಿಗೆ ಮುಳ್ಳು ಚುಚ್ಚಿಸಿ ಕುಂಟಿಸುವ ಉಪಾಯ. ನನ್ನನ್ನು ಮರುಳು ಮಾಡಲು ಅವನು ಇನ್ನೊಂದು ಸಲ ಹುಟ್ಟಿ ಬರಬೇಕು.

'ಅವನಿಗೆ ಹೇಳು,' ಅಂದೆ, 'ಶೂ ಬಿಚ್ಚಲ್ಲ, ದಾರಕ್ಕೆ ಎರಡು ಗಂಟು ಹಾಕ್ತೀನಿ ಅಂತ.'

'ನಾನು ಹೇಳೋದು ಹೇಳಿದೀನಿ,' ಅಂದಳು. 'ಆಮೇಲೆ ಹೇಳ್ಲಿಲ್ಲ ಅನ್ಬಾರ್ದು.'

ಹೇಳಿದ್ದಾಳೆ. ಒಪ್ಪಿಕೊಂಡಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ಸಿಟ್ಟು ಆರುವ ಮುಂಚೆ ಬರೆಯುತ್ತೇನೆ.

ಅಜ್ಜಂಪುರದ ಹೊರಗಿನ ಶಾಲೆಯ ಬಯಲಿನಿಂದ ಓಟ. ಬಿಗಿ ಚಡ್ಡಿಯ ಹುಡುಗರು ಕೈಕಾಲು ತಿರುವುತ್ತಿದ್ದರು. ನಡುವೆ ಅವನು, ಬನಿಯನ್-ಚಡ್ಡಿಯಲ್ಲಿ, ಹಣೆಗೆ ವಿಭೂತಿ. ಕಾಲಿಗೆ ಹಳೆಯ ಬಿಳಿ ಶೂ. ಅದನ್ನು ನೋಡಿ ನನ್ನ ಅನುಮಾನ ಖಾತ್ರಿಯಾಯಿತು: ನನಗೆ ಬಿಚ್ಚು ಎಂದು ಹೇಳಿ ಕಳಿಸಿದವನು ತಾನು ಹಾಕಿಕೊಂಡೇ ಬಂದಿದ್ದಾನೆ. ನನ್ನ ಮುಖ ನೋಡಿ ಪಕ್ಕದವರ ಹತ್ತಿರ, 'ಇವತ್ತು ಗಾಳಿಯಿಲ್ಲ, ಶಾಮಿಯಾನ ನಿಂತ್ರೂ ನಿಲ್ಬೋದು' ಅಂದ. ನಾನೂ ನನ್ನ ಪಕ್ಕದವರ ಹತ್ತಿರ, 'ಓಟದಲ್ಲಿ ತಕ್ಕಡಿ ಇರಲ್ಲ, ಪಾಪ' ಅಂದೆ. ಪಕ್ಕದವರು ಇಬ್ಬರೂ ದೂರ ಸರಿದರು.

ಮೊದಲ ಎರಡು ಕಿಲೋಮೀಟರು ನನ್ನವು. ಬಂಡಿದಾರಿಯ ಗಾಲಿಗುಂಡಿಗಳಲ್ಲಿ ನೀರು ನಿಂತಿತ್ತು, ಹಾರಿ ಹಾರಿ ಹೋದೆ. ಅವನು ಹಿಂದೆ ಬಿದ್ದ. ತಿರುಗಿ ನೋಡಿದೆ, ಇನ್ನೂ ಹಿಂದೆ. ಹಳ್ಳದಲ್ಲಿ ಮೊಣಕಾಲುದ್ದ ನೀರು, ದಾಟಿದೆ. ಈ ಐವತ್ತರಲ್ಲಿ ಅಷ್ಟು ಹಗುರವಾಗಿ ನಾನು ಎಲ್ಲಿಗೂ ಹೋಗಿರಲಿಲ್ಲ. ಆಮೇಲೆ ಎರೆಹೊಲ.

ಕಪ್ಪು ನೆಲ, ಮೇಲೆ ಒಣಗಿದಂತೆ ಕಾಣುತ್ತದೆ. ಮೊದಲ ಹೆಜ್ಜೆಗೆ ಒಂದು ಮುದ್ದೆಯಷ್ಟು ಹತ್ತಿತು. ಎರಡನೆಯದಕ್ಕೆ ಆ ಮುದ್ದೆಯ ಮೇಲೆ ಇನ್ನೊಂದು. ಹತ್ತು ಹೆಜ್ಜೆಗೆ ಎರಡು ಕಾಲಿಗೂ ಇಡ್ಲಿ ಪಾತ್ರೆ ಕಟ್ಟಿದ ಹಾಗಾಯಿತು. ಆ ಟ್ರ್ಯಾಕ್ಟರ್ ಹಲ್ಲುಗಳೇ ಮಣ್ಣನ್ನು ಕಚ್ಚಿ ಹಿಡಿದು ಬಿಡುತ್ತಿರಲಿಲ್ಲ. ಕೆರೆದರೆ ಕೈಗೆ ಹತ್ತುತ್ತದೆ, ಕೈಯಿಂದ ಚಡ್ಡಿಗೆ. ಕಾಲನ್ನು ಎತ್ತಿದರೆ ಹೊಲವೇ ಜೊತೆಗೆ ಏಳುತ್ತದೆ. ಬಿಗಿ ಚಡ್ಡಿಯ ಹುಡುಗರಲ್ಲೂ ಒಬ್ಬ ಅಲ್ಲೇ ಕೂತು ಅವ್ವನನ್ನು ಕರೆಯುತ್ತಿದ್ದ.

ಹಿಂದೆ ಚಟಚಟ ಸದ್ದು. ಅಜ್ಜಂಪುರ ಬರುತ್ತಿತ್ತು. ಬರಿಗಾಲು, ದಾರ ಗಂಟುಹಾಕಿದ ಶೂ ಹೆಗಲ ಮೇಲೆ. ಹಳ್ಳದ ದಡದಲ್ಲಿ ಬಿಚ್ಚಿದ್ದಾನೆ. ಬೆರಳುಗಳನ್ನು ಅಗಲಿಸಿ, ಹಿಮ್ಮಡಿ ಊರದೆ, ಕೊಕ್ಕರೆ ನಡೆದಂತೆ ಬರುತ್ತಿದ್ದ. ಮೈಭಾರ ನನಗಿಂತ ಜಾಸ್ತಿ, ಆದರೂ ಹೊಲ ಅವನನ್ನು ಹಿಡಿದುಕೊಳ್ಳಲಿಲ್ಲ. ನನ್ನ ಪಕ್ಕ ಬಂದು ನಿಂತ. ಮೂರು ವರ್ಷದಲ್ಲಿ ನೇರ ನನಗೇ ಹೇಳಿದ ಮೊದಲ ಮಾತು:

'ಎರೆಗೆ ಶೂ ಹಾಕ್ಕಂಡ್ ಬಂದಿದೀಯಲ್ಲಯ್ಯಾ. ಯಾರೂ ಹೇಳ್ಲಿಲ್ವಾ ನಿಂಗೆ?'

ತಾನೇ ಹೇಳಿ ಕಳಿಸಿ, ತಾನೇ ಹೀಗೆ ಕೇಳುವವನ ನಾಲಿಗೆಯನ್ನು ಏನು ಮಾಡಬೇಕು. ಉತ್ತರ ಕೊಡಲು ಒಂದು ಹೆಜ್ಜೆ ಮುಂದಿಟ್ಟೆ. ಬಲಗಾಲು ಬಂತು, ಶೂ ಬರಲಿಲ್ಲ. ಎರಡು ಗಂಟು ಹಾಕಿದ್ದೆ, ಗಂಟು ಬಿಚ್ಚಲಿಲ್ಲ, ಹೆಬ್ಬೆರಳ ಉಗುರು ಬಿಚ್ಚಿತು. ಕೈ ಹಾಕಿ ಹುಡುಕಿದೆ, ಎರೆ ಮುಚ್ಚಿಕೊಂಡಿತ್ತು.

ಅಷ್ಟರಲ್ಲಿ ದೂರದಿಂದ ನನ್ನದೇ ಹಾರ್ನು. ರವಿಕುಮಾರನ ಕೈಗೆ ಮೈಕು ಕೊಟ್ಟು ಬಂದಿದ್ದೆ. 'ಪ್ರೇಕ್ಷಕರು ಗಮನಿಸಿ. ಇಂದಿನ ಶಾಮಿಯಾನ, ಧ್ವನಿವರ್ಧಕ ಒದಗಿಸಿರುವ ಕಡೂರಿನ ಷಡಕ್ಷರಿ ಅಣ್ಣೋರು ಇನ್ನೂ ಹೊಲದಲ್ಲೇ ಇದಾರೆ. ಒಂದು ಶೂ ಹುಡುಕ್ತಾ ಇದಾರೆ ಅಂತ ತಿಳಿದುಬಂದಿದೆ. ಎಲ್ಲರೂ ಚಪ್ಪಾಳೆ ಹೊಡೀಬೇಕು.' ಹಾರ್ನು ಒಳ್ಳೆಯದು ಎಂದು ಹಿಂದೆಯೇ ಬರೆದಿದ್ದೇನೆ.

ಹೊಲದಾಚೆಯ ಬದುವಿನ ಮೇಲೆ ಕೋಮಲಾ ನಿಂತಿದ್ದಳು. ಸೀರೆ ಎತ್ತಿ ಸಿಕ್ಕಿಸಿದ್ದಳು, ಚಪ್ಪಲಿ ಎರಡೂ ಕೈಯಲ್ಲಿ. ನನಗೆ ಅಲ್ಲೇ ಕೂತುಬಿಡುವ ಮನಸ್ಸಾಯಿತು. ಓಟ ಮುಗಿಸದಿದ್ದರೆ ಮಾತು ರದ್ದು ಎಂದು ವಾದಿಸಬಹುದು, ಕರಾರಿನಲ್ಲಿ ಅದಕ್ಕೆ ಸಂದಿ ಇಟ್ಟಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಅಷ್ಟೆ. ಆ ಮುಖದಲ್ಲಿ ಹುಬ್ಬಿನ ನಡುವೆ ಎಳೆಹುಡುಗಿಯರಿಗೆ ಬರುವಂಥ ಒಂದು ಗೆರೆ ಇತ್ತು, ಯಾರಾದರೂ ಬಂದು ಎತ್ತಿಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುವಾಗ ಬರುವಂಥದ್ದು.

ಎಡ ಶೂ ಹಾಗೇ ಇತ್ತು. ಬಲಗಾಲು ಬರಿದು. ಬರಿಗಾಲನ್ನು ಮುಂದಿಟ್ಟಾಗ ಹಗುರ, ಶೂ ಕಾಲನ್ನು ಮುಂದಿಟ್ಟಾಗ ಕಲ್ಲು. ಕುಂಟುತ್ತಾ ಗೆರೆ ಮುಟ್ಟಿದೆ. ಅವನು ಆಗಲೇ ಪದಕ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದ. ನನ್ನ ಹಿಂದೆ ಬಂದವರು ಅವ್ವನನ್ನು ಕರೆದ ಹುಡುಗ ಮತ್ತು ಆಂಬುಲೆನ್ಸು.

ಸೆಪ್ಟೆಂಬರ್ 15, ಸೋಮವಾರ

ಹಾಸಿಗೆ. ಕೋಮಲಾ ಹಾಡು ಗುನುಗುತ್ತಾ ಮನೆ ಗುಡಿಸುತ್ತಿದ್ದಾಳೆ. ನೋವಿರುವವನ ಮುಂದೆ ಹಾಡಬಾರದು ಎಂದೆ. ಬಾಗಿಲು ಹಾಕಿಕೊಂಡು ಹಾಡಿದಳು.

ಸೆಪ್ಟೆಂಬರ್ 25, ಗುರುವಾರ

ಪಿತೃಪಕ್ಷ ಕಳೆಯುವವರೆಗೆ ಪತ್ರಿಕೆ ಹಂಚಬಾರದು ಎಂದು ಕಾದದ್ದು, ಕಾಲು ಗುಣವಾಗಲಿ ಎಂದಲ್ಲ. ಮೊದಲನೆಯದನ್ನು ಮಠಕ್ಕೆ ಕೊಟ್ಟು, ಇವತ್ತು ಬೀರೂರಿನಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಹೋದೆವು. ಅವನ ಮನೆಗೆ ಈರುಳ್ಳಿ ಮಂಡಿಯ ಮುಂದೆಯೇ ಹಾದುಹೋಗಬೇಕು. ದೊಡ್ಡ ತಕ್ಕಡಿಯ ಮೇಲಿನ ಮೊಳೆಗೆ ನನ್ನ ಬಲಗಾಲಿನ ಶೂ ತೂಗುಹಾಕಿದ್ದ. ಹೊಲದವರು ಕಿತ್ತು ತಂದುಕೊಟ್ಟರಂತೆ. ಹಮಾಲಿಗಳೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ಶೂಗೋ ನನಗೋ ಗೊತ್ತಾಗಲಿಲ್ಲ.

ಹೊಸ್ತಿಲಲ್ಲಿ ದಾಕ್ಷಾಯಿಣಿ ಅತ್ತಿಗೆ ನಿಂತಿದ್ದರು. ಕೋಮಲಾ ಕುಂಕುಮದ ಬಟ್ಟಲು ತೆರೆದಳು, ಇಡಲು ಕೈ ಚಾಚಿದಳು. ಅತ್ತಿಗೆ ಆ ಕೈಯನ್ನು ಹಿಡಿದು ತಾವೇ ಹಣೆಗೆ ಒತ್ತಿಕೊಂಡರು. ಆಮೇಲೆ ಇಬ್ಬರೂ ಅಡುಗೆಮನೆಗೆ ಹೋದರು, ನಮ್ಮನ್ನು ಪಡಸಾಲೆಯಲ್ಲಿ ಎರಡು ಮೂಟೆಗಳ ಹಾಗೆ ಬಿಟ್ಟು.

'ಕೂತ್ಕೋ,' ಅಂದ.

'ಕೂತಿದೀನಿ.'

ಪತ್ರಿಕೆ ಓದಿದ. 'ಬೀರೂರು ಛತ್ರ. ಒಳ್ಳೇದಾಯ್ತು. ರೈಲಿಳಿದ್ರೆ ನಡ್ಕಂಡೇ ಹೋಗ್ಬೋದು.'

'ಬೀರೂರಿಗೆ ಯಾರು ಹೋಗ್ತಾರೆ ಅಂದಿದ್ರಂತೆ ನೀವು.'

'ನಾನಾ? ಯಾವಾಗ?'

'ಮಂಡಿನೋವು ಅಂತಾನೆ, ಓಡಲ್ಲ ಅಂದಿದ್ರಂತೆ.'

'ನಿಂಗೆ ಮಂಡಿನೋವಿತ್ತಾ?'

'ಶೂ ಬಿಚ್ಚಿ ಓಡು ಅಂತ ಹೇಳಿ ಕಳಿಸಿದ್ರಿ.'

ಅವನು ಪತ್ರಿಕೆಯನ್ನು ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದ. 'ಅಲ್ಲಯ್ಯಾ, ಗೆಲ್ಲಕ್ಕೆ ನಿಂತೋನು ನಾನು. ನಿಂಗ್ಯಾಕೆ ಹೇಳಿ ಕಳಿಸ್ಲಿ? ನಂಗೇನು ತಲೆ ಕೆಟ್ಟಿತ್ತಾ?'

ಅಡುಗೆಮನೆಯಲ್ಲಿ ಅಕ್ಕತಂಗಿ ಏನೋ ಹೇಳಿಕೊಂಡು ನಗುತ್ತಿದ್ದರು. ಇಬ್ಬರ ನಗುವೂ ಒಂದೇ ತರ. ನಾವಿಬ್ಬರೂ ಆ ಕಡೆ ನೋಡಿದೆವು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆವು. ಹೋಳಿಗೆ ಬಂತು, ತಿಂದೆವು. ಹೊರಡುವಾಗ, ಮಳೆ ನಿಂತ ದಿನವೇ ಓಡಿದರೆ ಎರೆ ಹಿಡಿಯುತ್ತದೆಯೋ ಇಲ್ಲವೋ ಎಂದು ಕೇಳಿದೆ. ಆವತ್ತು ಹಿಡಿಯುವುದಿಲ್ಲ, ಜಾರುತ್ತದೆ ಅಂದ. ಮುಂದಿನ ವರ್ಷಕ್ಕೆ ನಾನೂ ಬರಿಗಾಲಲ್ಲಿ ಅಭ್ಯಾಸ ಮಾಡಬೇಕು. ಅವನನ್ನು ನಂಬಿ ಅಲ್ಲ, ಒಮ್ಮೆ ನಾನೇ ನೋಡಿದರಾಯಿತು ಎಂದು.

ರೈಲಿನಲ್ಲಿ ಕೋಮಲಾ ಕಿಟಕಿಯ ಪಕ್ಕ ಕೂತು ಹೊರಗಿನ ಕಪ್ಪು ಹೊಲ ನೋಡುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಇನ್ನು ಯಾರಿಗೆ ಏನು ಬಂತು ಎಂದು ಬರೆದು ಮುಗಿಸುತ್ತೇನೆ.

ಮಾವ ತೀರ್ಥಪ್ಪನವರಿಗೆ, ತಮ್ಮ ಮಾತು ನಡೆಯಿತೆಂಬ ಸಂತೋಷ. ಹಾಗೇ ಇರಲಿ.

ರವಿಕುಮಾರನಿಗೆ, ಮೈಕು ಹಿಡಿಯುವ ಚಟ.

ಕೃತಿಕಾಳಿಗೆ, ಅರಿಶಿನ ಕುಟ್ಟಲು ದೊಡ್ಡಮ್ಮ.

ಓಂಕಾರೇಶನಿಗೆ, ಒಂದು ಪದಕ, ಕೈಯಾರೆ ಕೊಟ್ಟ ಲಗ್ನಪತ್ರಿಕೆ, ನನ್ನ ಬಲ ಶೂ.

ನನಗೆ, ಎಡ ಶೂ. ಸಕ್ಕರೆ ಇಳಿದದ್ದು. ಉಗುರು ಇನ್ನೂ ಬರಬೇಕು.

ಕೋಮಲಾ ಓಡಲಿಲ್ಲ. ಉಳಿದದ್ದೆಲ್ಲ ಅವಳಿಗೆ.